ಕೃಪೆ ಎಲ್ಲರಿಗೂ ಎಂದಮೇಲೆ ನರಕ ಯಾರಿಗೆ?

1552ರ ಜನವರಿಯಲ್ಲಿ ಕ್ರೈಸ್ತ ಧರ್ಮಪ್ರಚಾರಕ ಫ್ರಾನ್ಸಿಸ್ ಕ್ಸೇವಿಯರ್ ಯುರೋಪಿನಲ್ಲಿದ್ದ ತಮ್ಮ ಜೆಸ್ವಿಟ್ (ಯೇಸುಸಭೆ ಎಂಬ ಕಥೋಲಿಕ ಸಂನ್ಯಾಸಿ ಸಂಘದ) ಸಂಗಡಿಗರಿಗೆ ಒಂದು ಉದ್ದನೆಯ ಪತ್ರ ಬರೆದರು. ಎರಡು ವರ್ಷಕ್ಕೂ ಮಿಕ್ಕಿ ಜಪಾನಿನಲ್ಲಿದ್ದು ಆಗಷ್ಟೇ ಮರಳಿದ್ದರು. ಅಲ್ಲಿ ಹೊಸದಾಗಿ ಕ್ರೈಸ್ತರಾದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಯಾವುದು ಎಂಬುದನ್ನು ಆ ಪತ್ರದಲ್ಲಿ ಹೇಳಿದ್ದಾರೆ. ನರಕದ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ಬೋಧಿಸಿದಾಗ ಆ ಜನ ಸತ್ತುಹೋದ ತಂದೆತಾಯಿಯರನ್ನೂ ಮಕ್ಕಳನ್ನೂ ನೆನೆದು ಅಳುತ್ತಿದ್ದರು. ನಾವು ಪ್ರಾರ್ಥನೆ ಮಾಡಿದರೆ, ದಾನ ಕೊಟ್ಟರೆ ಅವರನ್ನು ಬಿಡಿಸಬಹುದೇ ಎಂದು ಕೇಳುತ್ತಿದ್ದರು. ಇಲ್ಲ, ಏನೂ ಮಾಡುವಂತಿಲ್ಲ ಎಂಬುದೇ ಕ್ಸೇವಿಯರ್ ಕೊಟ್ಟ ಉತ್ತರ. ತಾನು ಇಷ್ಟು ಪ್ರೀತಿಸುವ ಜನ ಹೀಗೆ ಗೋಳಾಡುವುದನ್ನು ಕಂಡು ತನಗೂ ಕಣ್ಣೀರು ತಡೆಯುವುದು ಕಷ್ಟವಾಗುತ್ತಿತ್ತು ಎಂದೂ ಬರೆದಿದ್ದಾರೆ. ಕಣ್ಣು ಒದ್ದೆಯಾಯಿತು, ಉತ್ತರ ಬದಲಾಗಲಿಲ್ಲ.

ಇನ್ನೊಂದು ದೃಶ್ಯ, 2018ರ ಏಪ್ರಿಲ್ 15ರದ್ದು. ರೋಮ್ ನಗರದ ಅಂಚಿನಲ್ಲಿರುವ ಕೊರ್ವಿಯಾಲೆ ಎಂಬ ಬಡಾವಣೆಯ ಚರ್ಚಿಗೆ ಪೋಪ್ ಫ್ರಾನ್ಸಿಸ್ ಬಂದಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಪ್ರಶ್ನೆ ಕೇಳುತ್ತಿದ್ದರು. ಒಬ್ಬ ಹುಡುಗ ಮೈಕಿನ ಮುಂದೆ ನಿಂತವನು ಮಾತು ಹೊರಡದೆ ಅಳತೊಡಗಿದ. ಬಾ, ನನ್ನ ಕಿವಿಯಲ್ಲೇ ಹೇಳು ಎಂದು ಪೋಪ್ ಅವನನ್ನು ಹತ್ತಿರ ಕರೆದು ತಬ್ಬಿಕೊಂಡರು. ಅವನ ಅಪ್ಪ ಸ್ವಲ್ಪ ದಿನದ ಹಿಂದೆ ತೀರಿಕೊಂಡಿದ್ದ. ದೇವರನ್ನು ನಂಬಿದವನಲ್ಲ, ಆದರೆ ನಾಲ್ಕೂ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದ. ಅಪ್ಪ ಸ್ವರ್ಗದಲ್ಲಿದ್ದಾನಾ ಎಂಬುದು ಹುಡುಗನ ಪ್ರಶ್ನೆ. ಅವನ ಒಪ್ಪಿಗೆ ಪಡೆದೇ ಪೋಪ್ ಅದನ್ನು ಎಲ್ಲರಿಗೂ ಹೇಳಿದರು. ಯಾರು ಸ್ವರ್ಗಕ್ಕೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ದೇವರು ಎಂದರು. ಆಮೇಲೆ ನೆರೆದ ಮಕ್ಕಳನ್ನೇ ಕೇಳಿದರು: ದೇವರಿಗೆ ಇರುವುದು ಅಪ್ಪನ ಮನಸ್ಸು, ಇಂಥ ಒಬ್ಬ ಅಪ್ಪನನ್ನು ಆತ ಕೈಬಿಡುತ್ತಾನೆ ಅನ್ನಿಸುತ್ತದೆಯೇ? ಮಕ್ಕಳೆಲ್ಲ ಇಲ್ಲ ಎಂದು ಕೂಗಿದರು. ನೋಡು, ಅದೇ ನಿನಗೆ ಉತ್ತರ ಎಂದರು ಪೋಪ್.

ಇಬ್ಬರೂ ಜೆಸ್ವಿಟ್‌ಗಳು. ಇಬ್ಬರೂ ಒಪ್ಪಿದ್ದು ಒಂದೇ ವಿಶ್ವಾಸಪ್ರಮಾಣವನ್ನು. ನಡುವೆ 466 ವರ್ಷ. ಹಳೆಯವರು ಕಠೋರ, ಹೊಸಬರು ಕರುಣಾಳು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಅತ್ತವರು ಕ್ಸೇವಿಯರ್ ಎಂಬುದನ್ನು ಮರೆಯಬಾರದು. ನನಗೆ ಕಾಣುವಂತೆ ಇಲ್ಲಿ ಬದಲಾದದ್ದು ಕರುಣೆಯ ಪ್ರಮಾಣವಲ್ಲ, ಕೃಪೆ ಎಂದರೇನು ಎಂಬ ತಿಳಿವಳಿಕೆ. ನಂಬದವರ ಗತಿ ಏನು ಎಂದು ಕೇಳಿದರೆ ಕ್ರೈಸ್ತ ಪಂಥಗಳು ಬೇರೆಬೇರೆ ಉತ್ತರ ಕೊಡುತ್ತವಲ್ಲ, ಆ ಭೇದವೆಲ್ಲ ಹುಟ್ಟುವುದು ನಂಬಿದವರ ವಿಷಯದಲ್ಲೇ: ಅವರು ಉಳಿದದ್ದಾದರೂ ಹೇಗೆ ಎಂಬಲ್ಲಿ.

ಮೊದಲು ಮಾತಿನ ವಿಚಾರ. ಕನ್ನಡ ಬೈಬಲಿನಲ್ಲಿ ನರಕ ಎಂಬ ಪದ ಬಂದಾಗ ನಮ್ಮ ಕಿವಿಗೆ ಪುರಾಣದ ನರಕ ಕೇಳಿಸುತ್ತದೆ. ಆ ನರಕಕ್ಕೆ ಅವಧಿಯಿದೆ. ಪಾಪ ತೀರಿದ ಮೇಲೆ ಜೀವ ಹೊರಬರುತ್ತದೆ, ಪುಣ್ಯ ತೀರಿದರೆ ಸ್ವರ್ಗದಿಂದಲೂ ಇಳಿಯಬೇಕು. ಕ್ರೈಸ್ತ ನರಕಕ್ಕೆ ಈ ಮರುಪ್ರಯಾಣ ಇಲ್ಲ. ಮೂಲದಲ್ಲಿ ಯೇಸು ಬಳಸುವ ಪದ ಗೆಹೆನ್ನ. ಅದು ಜೆರುಸಲೇಮಿನ ದಕ್ಷಿಣಕ್ಕಿದ್ದ ಹಿನ್ನೋಮ್ ಕಣಿವೆಯ ಹೆಸರು, ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟ ಜಾಗ ಎಂದು ಪ್ರವಾದಿ ಯೆರೆಮೀಯ ಶಪಿಸಿದ ನೆಲ. ರಕ್ಷಣೆ ಎಂಬ ಪದಕ್ಕೂ ಇದೇ ತೊಡಕು. ಅದನ್ನು ಮೋಕ್ಷ ಎಂದು ಓದಿಕೊಂಡರೆ ಸಾಧನೆ, ಪಕ್ವತೆ, ಜನ್ಮಾಂತರ ಎಲ್ಲ ಹಿಂದೆಯೇ ಬರುತ್ತವೆ. ಕ್ರೈಸ್ತರು ಹೇಳುವ ರಕ್ಷಣೆ ಮುಳುಗುತ್ತಿರುವವನನ್ನು ಯಾರೋ ಎತ್ತಿದಂತೆ. ಪ್ರೊಟೆಸ್ಟೆಂಟರು ಕೃಪೆ ಎನ್ನುವುದನ್ನು ಕಥೋಲಿಕರು ವರಪ್ರಸಾದ ಎನ್ನುತ್ತಾರೆ. ಕೊಟ್ಟದ್ದು, ಗಳಿಸಿದ್ದಲ್ಲ ಎಂಬ ಅರ್ಥ ಎರಡರಲ್ಲೂ ಒಂದೇ.

ಗಳಿಸಿದ್ದಲ್ಲ ಎಂಬ ಈ ಮಾತೇ ಎಲ್ಲ ಜಗಳದ ಮೂಲ. ಐದನೇ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಎಂಬ ತಪಸ್ವಿ, ದೇವರು ಆಜ್ಞೆ ಕೊಟ್ಟಿದ್ದಾನೆಂದರೆ ಅದನ್ನು ಪಾಲಿಸುವ ಶಕ್ತಿಯನ್ನೂ ಮನುಷ್ಯನಿಗೆ ಕೊಟ್ಟಿರಲೇಬೇಕು ಎಂದು ವಾದಿಸಿದರು. ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ಇದನ್ನು ಕಟುವಾಗಿ ವಿರೋಧಿಸಿದರು. ಮನುಷ್ಯಕುಲ ಆದಾಮನಲ್ಲಿ ಒಟ್ಟಾಗಿ ಬಿದ್ದಿದೆ. ಏಳುವುದಿರಲಿ, ಏಳಬೇಕು ಎಂಬ ಬಯಕೆ ಕೂಡ ದೇವರ ಕೃಪೆಯಿಂದಲೇ ಹುಟ್ಟಬೇಕು ಎಂದರು. 418ರ ಕಾರ್ಥೇಜ್ ಸಭೆಯಲ್ಲಿ ಪೆಲಾಗಿಯಸ್ ಪಕ್ಷ ಸೋತಿತು. ಗೆದ್ದ ಅಗಸ್ಟೀನರಿಗೆ ಒಂದು ನುಂಗಲಾರದ ತುತ್ತು ಉಳಿಯಿತು. ಎಲ್ಲವೂ ದೇವರ ಕೆಲಸವಾದರೆ ಎಲ್ಲರನ್ನೂ ಏಕೆ ಎತ್ತುವುದಿಲ್ಲ? ದೇವರು ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂದು ಇಚ್ಛಿಸುತ್ತಾನೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಸ್ಪಷ್ಟವಾಗಿಯೇ ಇದೆ. ಎಲ್ಲ ಎಂದರೆ ಎಲ್ಲ ಬಗೆಯ ಜನರು ಎಂದು ಅಗಸ್ಟೀನ್ ಅರ್ಥ ಹೇಳಬೇಕಾಯಿತು. ಇಂಥ ಹೊತ್ತಿನಲ್ಲಿ ವ್ಯಾಕರಣ ಬಹಳ ಉಪಕಾರಿ.

ಅಮೆರಿಕದ ದಾರ್ಶನಿಕ ಥಾಮಸ್ ಟಾಲ್ಬಟ್ ಈ ಇಕ್ಕಟ್ಟನ್ನು ಮೂರು ವಾಕ್ಯಗಳಲ್ಲಿ ಕಟ್ಟಿಕೊಟ್ಟಿದ್ದಾರೆ. ದೇವರು ಎಲ್ಲರನ್ನೂ ಉಳಿಸಬಯಸುತ್ತಾನೆ. ದೇವರು ಬಯಸಿದ್ದು ಕೊನೆಗೆ ನಡೆದೇ ನಡೆಯುತ್ತದೆ. ಕೆಲವರು ಎಂದೆಂದಿಗೂ ಉಳಿಯುವುದಿಲ್ಲ. ಯಾವ ಎರಡನ್ನು ಹಿಡಿದರೂ ಮೂರನೆಯದು ಕೈಜಾರುತ್ತದೆ. ಎರಡು ಸಾವಿರ ವರ್ಷದ ವಾದಗಳನ್ನು ಇದಕ್ಕಿಂತ ಚಿಕ್ಕ ಜಾಗದಲ್ಲಿ ಇಟ್ಟವರನ್ನು ನಾನು ಕಂಡಿಲ್ಲ. ಒಂದು ಪಂಥದ ಮನಸ್ಸು ತಿಳಿಯಬೇಕೆಂದರೆ ಅದು ಈ ಮೂರರಲ್ಲಿ ಯಾವುದನ್ನು ಬಿಟ್ಟುಕೊಟ್ಟಿದೆ ಎಂದು ನೋಡಿದರೆ ಸಾಕು.

ಹದಿನಾರನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಹಾದಿಯವರು ಬಿಟ್ಟುಕೊಟ್ಟದ್ದು ಮೊದಲನೆಯದನ್ನು. ಹಾಲೆಂಡಿನ ಡಾರ್ಟ್ ನಗರದಲ್ಲಿ 1618–19ರಲ್ಲಿ ಸೇರಿದ ಸಭೆ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿತು: ದೇವರು ಕೆಲವರನ್ನು ಆರಿಸಿಕೊಂಡಿದ್ದಾನೆ, ಆ ಆಯ್ಕೆಗೆ ಅವರ ಯೋಗ್ಯತೆ ಕಾರಣವಲ್ಲ, ಅವರಲ್ಲಿ ಕೆಲಸ ಮಾಡುವ ಕೃಪೆ ಸೋಲುವುದಿಲ್ಲ. ಇದನ್ನು ಓದುವಾಗ ಕೆಲವು ಜೀವರಿಗೆ ಶಾಶ್ವತ ತಮಸ್ಸೇ ಗತಿ ಎಂದ ಮಧ್ವಾಚಾರ್ಯರು ನೆನಪಾಗಬಹುದು. ಹೋಲಿಕೆ ಅರ್ಧ ದಾರಿಗೆ ನಿಲ್ಲುತ್ತದೆ. ಮಧ್ವರಲ್ಲಿ ಗತಿ ನಿಶ್ಚಯವಾಗುವುದು ಜೀವದ ಸ್ವಭಾವದಿಂದ. ಕ್ಯಾಲ್ವಿನರಲ್ಲಿ ಎಲ್ಲರ ಸ್ವಭಾವವೂ ಒಂದೇ ರೀತಿ ಕೆಟ್ಟಿದೆ. ಬೇರ್ಪಡಿಸುವುದು ದೇವರ ನಿರ್ಣಯ ಮಾತ್ರ.

ಮೆಥೊಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯಂಥವರಿಗೆ ಇದು ಸಹಿಸಲಾಗದ ಮಾತಾಗಿತ್ತು. ಅವರು ಬಿಟ್ಟುಕೊಟ್ಟದ್ದು ಎರಡನೆಯದನ್ನು: ದೇವರು ಎಲ್ಲರನ್ನೂ ಕರೆಯುತ್ತಾನೆ, ಆದರೆ ಮನುಷ್ಯ ಒಲ್ಲೆ ಎನ್ನಬಹುದು. ನಮ್ಮಲ್ಲಿ ಬೆಕ್ಕಿನ ಮರಿ, ಕೋತಿಮರಿ ಎಂದು ಶ್ರೀವೈಷ್ಣವರು ಮಾಡಿದ ಭೇದ ಇಲ್ಲಿ ಚೆನ್ನಾಗಿ ಕೂರುತ್ತದೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಕೋತಿಮರಿ ತಾಯಿಯನ್ನು ಅಪ್ಪಿ ಹಿಡಿಯಬೇಕು. ಡಾರ್ಟ್ ಸಭೆಯದು ಬೆಕ್ಕಿನ ನ್ಯಾಯ, ವೆಸ್ಲಿಯದು ಕೋತಿಯ ನ್ಯಾಯ. ಹಿಡಿಯುವ ಶಕ್ತಿಯೂ ಮೊದಲೇ ಬಂದ ಕೃಪೆಯಿಂದಲೇ ಸಿಕ್ಕಿದ್ದು ಎಂದು ವೆಸ್ಲಿ ಒಂದು ಮಾತು ಸೇರಿಸುತ್ತಾರೆ, ಪೆಲಾಗಿಯಸ್ ಪಕ್ಷದವರು ಎಂಬ ಆರೋಪ ಬರಬಾರದಲ್ಲ. ಆದರೆ ಕೈ ಬಿಟ್ಟ ಮರಿಯ ಕಥೆ ಏನು? ಅದು ಬಿತ್ತು. ನರಕದ ಬಾಗಿಲಿಗೆ ಒಳಗಿನಿಂದಲೇ ಅಗಳಿ ಹಾಕಿಕೊಂಡಿರುತ್ತಾರೆ ಎಂದು ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1940ರಲ್ಲಿ ಹೇಳಿದ್ದು ಈ ಪಕ್ಷದ ಅತ್ಯಂತ ಜನಪ್ರಿಯ ಚಿತ್ರ. ಚಿತ್ರ ಸೊಗಸಾಗಿದೆ, ನನ್ನ ಅನುಮಾನ ಮಾತ್ರ ಹೋಗಿಲ್ಲ. ಎಲ್ಲವನ್ನೂ ಸ್ಪಷ್ಟವಾಗಿ ಕಂಡು ಬೆಂಕಿಯನ್ನೇ ಆರಿಸಿಕೊಳ್ಳುವವರು ಯಾರು? ಮಂಜಿನಲ್ಲಿ ಕಣ್ಣು ಕಾಣದೆ ಆರಿಸಿಕೊಂಡರೆ ಅದನ್ನು ಆಯ್ಕೆ ಎನ್ನಬಹುದೇ?

ಲೂಥರ್ ಮತ್ತು ರೋಮ್ ನಡುವಿನ ಮಹಾಜಗಳ ಈ ಪ್ರಶ್ನೆಯ ಮಟ್ಟಿಗೆ ನಾವು ಭಾವಿಸುವಷ್ಟು ದೊಡ್ಡದಲ್ಲ. ನಂಬಿಕೆಯೊಂದರಿಂದಲೇ ಮನುಷ್ಯ ದೇವರ ಮುಂದೆ ನೀತಿವಂತನೆನಿಸುತ್ತಾನೆ ಎಂದರು ಲೂಥರ್. 1547ರಲ್ಲಿ ಟ್ರೆಂಟ್ ಮಹಾಸಭೆ, ಕೃಪೆಯೊಂದಿಗೆ ಮನುಷ್ಯ ಸಹಕರಿಸಬೇಕು ಎಂದು ಹೇಳಿ ಲೂಥರ್ ಪಕ್ಷವನ್ನು ಖಂಡಿಸಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ವ್ಯಾಟಿಕನ್ನೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ. ಮೆಥೊಡಿಸ್ಟರು 2006ರಲ್ಲಿ ಸೇರಿದರು, ಕ್ಯಾಲ್ವಿನ್ ಪರಂಪರೆಯ ವಿಶ್ವ ಒಕ್ಕೂಟ 2017ರಲ್ಲಿ. ಒಪ್ಪದ ಲೂಥರನ್ನರೂ ಇದ್ದಾರೆ. ಅದೇನೇ ಇರಲಿ, ಇಡೀ ಘೋಷಣೆ ಕ್ರೈಸ್ತರೊಳಗಿನ ಮಾತು. ಕ್ರಿಸ್ತನ ಹೆಸರೇ ಕೇಳದವನ ಬಗ್ಗೆ ಅದು ಏನನ್ನೂ ಇತ್ಯರ್ಥ ಮಾಡುವುದಿಲ್ಲ.

ಆ ಪ್ರಶ್ನೆಯಲ್ಲಿ ಹೆಚ್ಚು ದೂರ ಸರಿದದ್ದು ಕಥೋಲಿಕ ಧರ್ಮಸಭೆ. ಅದು ಸರಿದ ರೀತಿಯೂ ನೋಡುವಂಥದ್ದು. ಮೂರನೇ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಧರ್ಮಸಭೆಯ ಹೊರಗೆ ರಕ್ಷಣೆ ಇಲ್ಲ ಎಂದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಕೇಳಿಸುತ್ತದೆ. ಆದರೆ ಸಿಪ್ರಿಯನ್ ಎದುರಿಗೆ ಇದ್ದವರು ಸಭೆ ಒಡೆದು ಹೋದ ಕ್ರೈಸ್ತರು, ಅನ್ಯಧರ್ಮೀಯರಲ್ಲ. 1442ರ ಹೊತ್ತಿಗೆ ಅದೇ ಮಾತಿನ ಬಲೆ ಎಲ್ಲರ ಮೇಲೂ ಬಿತ್ತು. ವಿಗ್ರಹಾರಾಧಕರು, ಯೆಹೂದ್ಯರು, ಪಾಷಂಡಿಗಳು, ಸಭೆ ಒಡೆದವರು ಸಾಯುವ ಮುನ್ನ ಸೇರದಿದ್ದರೆ ಎಲ್ಲರೂ ನಿತ್ಯಾಗ್ನಿಗೆ ಎಂದು ಫ್ಲಾರೆನ್ಸ್ ಮಹಾಸಭೆ ಘೋಷಿಸಿತು. ಸುವಾರ್ತೆ ಲೋಕದ ಮೂಲೆಮೂಲೆಗೂ ಮುಟ್ಟಿದೆ, ಇನ್ನೂ ಕೇಳದವರು ಎಲ್ಲೋ ಕಾಡಿನಲ್ಲಿರುವ ಒಬ್ಬಿಬ್ಬರು ಮಾತ್ರ ಎಂಬ ಭಾವನೆ ಆಗಿನ ಯುರೋಪಿನಲ್ಲಿ ಸಾಮಾನ್ಯವಾಗಿತ್ತು. ಐವತ್ತು ವರ್ಷದಲ್ಲಿ ಕೊಲಂಬಸ್ ಹಡಗು ಹೊರಟಿತು. ಹದಿನಾಲ್ಕು ಶತಮಾನ ಯೇಸುವಿನ ಹೆಸರು ಕೇಳದೆ ಹುಟ್ಟಿ ಸತ್ತ ಜನಸ್ತೋಮ ಕಣ್ಣೆದುರು ಬಂತು. ಭೂಪಟ ದೊಡ್ಡದಾದಂತೆ ನರಕವೂ ದೊಡ್ಡದಾಗಬೇಕಾಯಿತು. ಕ್ಸೇವಿಯರ್ ಕಣ್ಣಲ್ಲಿ ನೀರು ತರಿಸಿದ್ದು ಈ ಲೆಕ್ಕ.

1863ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಒಂದು ಕಿಂಡಿ ತೆರೆದರು: ತಮ್ಮ ತಪ್ಪಿಲ್ಲದೆ ಅರಿಯದೆ ಉಳಿದವರು ದೇವರ ಬೆಳಕಿನಿಂದ ನಿತ್ಯಜೀವ ಪಡೆಯಬಹುದು. ನೂರು ವರ್ಷದಲ್ಲಿ ಕಿಂಡಿ ಬಾಗಿಲಾಯಿತು. ನಡುವೆ ನಡೆದ ಒಂದು ಪ್ರಸಂಗ ಹೇಳಲೇಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಲಿಯೊನಾರ್ಡ್ ಫೀನಿ ಎಂಬ ಜೆಸ್ವಿಟ್ ಪಾದ್ರಿ ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ ಎಂದು ಅಕ್ಷರಶಃ ಬೋಧಿಸುತ್ತಿದ್ದರು. 1949ರಲ್ಲಿ ರೋಮ್ ಪತ್ರ ಬರೆದು, ಆ ಸೂತ್ರ ಸತ್ಯವೇ, ಆದರೆ ಅದರ ಅರ್ಥ ಫೀನಿ ಹೇಳುವಂಥದ್ದಲ್ಲ ಎಂದಿತು. ಫೀನಿ ಬಗ್ಗಲಿಲ್ಲ, ರೋಮಿಗೆ ಕರೆದರೂ ಹೋಗಲಿಲ್ಲ. ಆ ಅವಿಧೇಯತೆಗಾಗಿ 1953ರಲ್ಲಿ ಅವರನ್ನು ಬಹಿಷ್ಕರಿಸಲಾಯಿತು. ಹೊರಗಿರುವವರಿಗೆ ರಕ್ಷಣೆಯಿಲ್ಲ ಎಂದವರೇ ಹೊರಗಾದರು! 1972ರಲ್ಲಿ ಮತ್ತೆ ಸೇರಿಸಿಕೊಂಡಾಗ, ಹೇಳಿದ್ದನ್ನು ಹಿಂತೆಗೆದುಕೊಳ್ಳಿ ಎಂದು ಅವರನ್ನು ಯಾರೂ ಒತ್ತಾಯಿಸಲಿಲ್ಲ.

1964ರ ನವೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಕುರಿತ ಸಂವಿಧಾನದಲ್ಲಿ, 16ನೇ ಪರಿಚ್ಛೇದದಲ್ಲಿ, ಈ ಬಾಗಿಲನ್ನು ಅಧಿಕೃತ ಮಾಡಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸುತ್ತ, ಕೃಪೆಯ ಪ್ರೇರಣೆಯಿಂದ ಅಂತಃಸಾಕ್ಷಿ ಹೇಳಿದಂತೆ ನಡೆದರೆ ರಕ್ಷಣೆ ಹೊಂದಬಹುದು. ದೇವರಿದ್ದಾನೆಂಬ ಸ್ಪಷ್ಟ ಅರಿವಿಗೇ ಇನ್ನೂ ಬಾರದವರಿಗೂ ಬೇಕಾದ ನೆರವು ಸಿಗದೆ ಹೋಗುವುದಿಲ್ಲ. ಇಷ್ಟನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪರಿಚ್ಛೇದದ ಕೊನೆಯಲ್ಲಿ, ಆದರೆ ಬಹಳ ಸಲ ಮನುಷ್ಯರು ಕೇಡಿಗನಿಂದ ಮೋಸಹೋಗಿ ದಾರಿ ತಪ್ಪುತ್ತಾರೆ ಎಂಬ ಮಾತೂ ಇದೆ. ಅದನ್ನು ಎತ್ತುವವರು ಕಡಿಮೆ. ಹಾವು ಸಾಯಬಾರದು, ಕೋಲೂ ಮುರಿಯಬಾರದು ಎಂಬ ಎಚ್ಚರ ಆ ಬರಹದ ಸಾಲುಸಾಲಿನಲ್ಲಿದೆ. ಹಳೆಯ ಸೂತ್ರವನ್ನು ಯಾರೂ ಅಳಿಸಲಿಲ್ಲ. ಹೊರಗೆ ಎಂಬ ಪದ ಮಾತ್ರ ಚಿಕ್ಕದಾಗುತ್ತ ಬಂತು.

ಎಷ್ಟೇ ಬಿಗಿಯಾದ ಸಿದ್ಧಾಂತದಲ್ಲೂ ಒಂದು ಕಡೆ ಹೊಲಿಗೆ ಬಿಚ್ಚುತ್ತದೆ: ಹಸುಗೂಸುಗಳು. ದೀಕ್ಷಾಸ್ನಾನವಿಲ್ಲದೆ ಸತ್ತ ಮಗುವಿಗೂ ಶಿಕ್ಷೆ, ಆದರೆ ಎಲ್ಲಕ್ಕಿಂತ ಸೌಮ್ಯವಾದದ್ದು ಎಂದಿದ್ದರು ಅಗಸ್ಟೀನ್. ಮಧ್ಯಯುಗ ಅದಕ್ಕೆ ಲಿಂಬೊ ಎಂಬ ನಡುವಿನ ಲೋಕವನ್ನೇ ಕಲ್ಪಿಸಿತು, ನೋವೂ ಇಲ್ಲ, ದೇವರ ದರ್ಶನವೂ ಇಲ್ಲ. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ, ಇಂಥ ಮಕ್ಕಳು ದೇವರನ್ನು ಸೇರುತ್ತಾರೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ಬರೆಯಿತು. ಕ್ಯಾಲ್ವಿನ್ ಹಾದಿಯ ಅಮೆರಿಕನ್ ಪ್ರೆಸ್ಬಿಟೇರಿಯನ್ನರೂ 1903ರಲ್ಲಿ, ಶೈಶವದಲ್ಲೇ ಸಾಯುವ ಎಲ್ಲರೂ ಆರಿಸಲ್ಪಟ್ಟವರೇ ಎಂದು ನಂಬುವುದಾಗಿ ಹೇಳಿಕೆ ಸೇರಿಸಿದರು. ಒಳ್ಳೆಯದೇ. ಆದರೆ ಏನನ್ನೂ ನಂಬಲಾರದ ಒಂದು ಕೂಸನ್ನು ಕೃಪೆ ಉಳಿಸಬಲ್ಲದಾದರೆ, ಅರಿತು ನಂಬದೆ ರಕ್ಷಣೆಯೇ ಇಲ್ಲ ಎಂಬ ನಿಯಮ ಅಲ್ಲಿಗೆ ಮುರಿಯಿತು. ಇನ್ನು ಮಾತು ಅದರ ಗಡಿ ಎಲ್ಲಿ ಎಂಬುದರ ಬಗ್ಗೆ ಮಾತ್ರ.

ಬೈಬಲ್ ಮತ್ತು ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಜನ ಆ ಗಡಿಯನ್ನು ಹತ್ತಿರದಲ್ಲೇ ಎಳೆಯುತ್ತಾರೆ. ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರಲಾರರು ಎಂಬ ಯೇಸುವಿನ ಮಾತು ಯೋಹಾನನ ಸುವಾರ್ತೆಯಲ್ಲಿದೆ. ಸಾರುವವರಿಲ್ಲದೆ ಕೇಳುವುದು ಹೇಗೆ ಎಂದು ಪೌಲನ ಪತ್ರಿಕೆಯಲ್ಲಿದೆ. ಅವರ ಪಾಲಿಗೆ ಇದು ಕ್ರೌರ್ಯವಲ್ಲ, ತುರ್ತು. ಮನೆಗೆ ಬೆಂಕಿ ಬಿದ್ದಾಗ ಬಾಗಿಲು ಬಡಿಯುವುದೇ ಪ್ರೀತಿ. ಈ ತರ್ಕವನ್ನು ಹಗುರ ಮಾಡುವವರು ಎದುರು ಪಕ್ಷದ ತೊಡಕನ್ನೂ ನೋಡಬೇಕು. ಅರಿಯದವನು ಅರಿಯದಿರುವುದರಿಂದಲೇ ಉಳಿಯಬಹುದಾದರೆ, ಅವನ ಹತ್ತಿರ ಹೋಗಿ ಸುವಾರ್ತೆ ಹೇಳಿ, ಅವನು ಬೇಡವೆಂದರೆ, ಹೇಳಿದವನೇ ಅವನ ದಾರಿ ಮುಚ್ಚಿದಂತಾಗಲಿಲ್ಲವೇ? ವ್ಯಾಟಿಕನ್ 2000ದಲ್ಲಿ ಕ್ರಿಸ್ತನೊಬ್ಬನೇ ರಕ್ಷಕ ಎಂದು ಮತ್ತೆ ಒತ್ತಿ ಹೇಳುವ ದಾಖಲೆ ಹೊರಡಿಸಿದ್ದರ ಹಿಂದೆ ಈ ಆತಂಕ ಇತ್ತು.

ಮೂರನೆಯ ವಾಕ್ಯವನ್ನೇ ಬಿಟ್ಟವರು ಸರ್ವರಕ್ಷಣೆಯವರು. ಇದು ಇತ್ತೀಚಿನ ಉದಾರ ಮನಸ್ಸಿನ ಕೂಸು ಎಂಬ ಭಾವನೆ ತಪ್ಪು. ಮೂರನೇ ಶತಮಾನದ ಒರಿಜೆನ್, ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿ ಎಲ್ಲವೂ ಕೊನೆಗೆ ದೇವರಿಗೆ ಮರಳುವುದನ್ನು ಕಂಡವರು. ಅವರಲ್ಲಿ ನರಕದ ಬೆಂಕಿ ಸುಡುವುದು ಕಲ್ಮಶವನ್ನು, ಜೀವವನ್ನಲ್ಲ. ಒರಿಜೆನ್ ಹೆಸರಿನ ಬೋಧನೆಗಳಿಗೆ ಆರನೇ ಶತಮಾನದಲ್ಲಿ ಖಂಡನೆ ಬಿತ್ತು. ಗ್ರೆಗೊರಿ ಮಾತ್ರ ಇಂದಿಗೂ ಸಂತ. 2019ರಲ್ಲಿ ಆರ್ಥೊಡಾಕ್ಸ್ ಚಿಂತಕ ಡೇವಿಡ್ ಬೆಂಟ್ಲಿ ಹಾರ್ಟ್ ಇದೇ ವಾದವನ್ನು ಎತ್ತಿಕೊಂಡು ಅನಂತ ನರಕವನ್ನು ನಂಬುವವರ ಮೇಲೆ ಹರಿಹಾಯ್ದ ಮೇಲೆ ಹಳೆಯ ಗ್ರೀಕ್ ಪದಗಳ ಜಗಳ ಮತ್ತೆ ಬಿಸಿಯಾಯಿತು. ಅದರ ಕೇಂದ್ರದಲ್ಲಿರುವುದು ಮತ್ತಾಯನ 25ನೇ ಅಧ್ಯಾಯದ ಅಯೋನಿಯೋಸ್ ಎಂಬ ವಿಶೇಷಣ. ಅಂತ್ಯವಿಲ್ಲದ ಎಂದೂ ಆಗುತ್ತದೆ, ಬರುವ ಯುಗಕ್ಕೆ ಸೇರಿದ ಎಂದೂ ಆಗುತ್ತದೆ. ಒಂದೇ ವಾಕ್ಯದಲ್ಲಿ ಜೀವಕ್ಕೂ ದಂಡನೆಗೂ ಅದೇ ವಿಶೇಷಣ ಇರುವಾಗ ಒಂದಕ್ಕೆ ಕೊನೆಯಿಲ್ಲ, ಇನ್ನೊಂದಕ್ಕೆ ಕೊನೆಯಿದೆ ಎಂದರೆ ಹೇಗೆ ಎಂದು ಅಗಸ್ಟೀನ್ ಕೇಳಿದ್ದರು. ಒಳ್ಳೆಯ ಪ್ರಶ್ನೆಯೇ.

ಈ ಜಗಳದ ಭರದಲ್ಲಿ ಆ ಅಧ್ಯಾಯವನ್ನು ಓದುವುದೇ ಬಿಟ್ಟುಹೋಗುತ್ತದೆ. ಕುರುಬ ಕುರಿ ಮತ್ತು ಆಡುಗಳನ್ನು ಬೇರ್ಪಡಿಸುವಂತೆ ಅರಸನು ಜನಾಂಗಗಳನ್ನು ಬೇರ್ಪಡಿಸುತ್ತಾನೆ. ಏನನ್ನು ನಂಬಿದ್ದೆ ಎಂದು ಯಾರನ್ನೂ ಕೇಳುವುದಿಲ್ಲ. ಹಸಿದಾಗ ಊಟ ಕೊಟ್ಟೆಯಾ, ಸೆರೆಯಲ್ಲಿದ್ದಾಗ ನೋಡಲು ಬಂದೆಯಾ ಎಂಬುದಷ್ಟೇ ವಿಚಾರ. ಎರಡೂ ಗುಂಪಿನವರು ಬೆರಗಾಗಿ, ಸ್ವಾಮಿ, ನಿನ್ನನ್ನು ಯಾವಾಗ ಕಂಡೆವು ಎನ್ನುತ್ತಾರೆ. ಉಳಿದವರಿಗೂ ತಾವು ಮಾಡಿದ್ದು ಅವನಿಗಾಗಿ ಎಂದು ಗೊತ್ತಿರಲಿಲ್ಲ. ನರಕಕ್ಕೆ ಅತಿ ದೊಡ್ಡ ಆಧಾರವಾದ ಈ ಭಾಗದಲ್ಲಿ ನಂಬಿಕೆಯ ಪರೀಕ್ಷೆಯೇ ಇಲ್ಲ. ಕೃಪೆಯಿಂದ ಮಾತ್ರ ಎನ್ನುವವರಿಗೂ ಇದು ಇರಿಸುಮುರಿಸು, ನಂಬದವರೆಲ್ಲ ಹೊರಗೆ ಎನ್ನುವವರಿಗೂ.

ನರಕ ಇದೆ, ಆದರೆ ಅನಂತವಲ್ಲ, ಕೊನೆಗೆ ಜೀವವೇ ನಂದಿಹೋಗುತ್ತದೆ ಎಂಬ ಇನ್ನೊಂದು ದಾರಿ ಇದೆ. ಅಡ್ವೆಂಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥದವರದು ಮೊದಲಿನಿಂದಲೂ ಇದೇ ನಿಲುವು. ಇವ್ಯಾಂಜೆಲಿಕಲ್‌ರ ಹಿರಿಯ ಜಾನ್ ಸ್ಟಾಟ್ 1988ರಲ್ಲಿ ಹಿಂಜರಿಯುತ್ತಲೇ ಇದರ ಕಡೆ ವಾಲಿದಾಗ ಅವರ ಬಳಗ ಬೆಚ್ಚಿತ್ತು. ಸಂಕಟ ತಪ್ಪುತ್ತದೆ ನಿಜ, ದೇವರು ಸೋತ ಎಂಬುದು ತಪ್ಪುವುದಿಲ್ಲ.

ಉಳಿದವರಿಗೆ ಉಳಿಯದವರ ನೋವು ತಾಗುತ್ತದೆಯೇ? ಈ ಪ್ರಶ್ನೆಯಲ್ಲಿ ಪಂಥಗಳ ಹೃದಯ ಕಾಣುತ್ತದೆ. ಮಧ್ಯಯುಗದ ಕಥೋಲಿಕ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ಮಹಾಗ್ರಂಥಕ್ಕೆ ಅವರ ನಂತರ ಸೇರಿಸಿದ ಅನುಬಂಧದಲ್ಲಿ, ಸ್ವರ್ಗದವರು ನರಕದವರ ಶಿಕ್ಷೆಯನ್ನು ನೋಡಬಲ್ಲರು, ಅದರಿಂದ ಅವರ ಆನಂದ ಹೆಚ್ಚುತ್ತದೆ ಎಂದಿದೆ. ಇದರೆದುರು ಗ್ರೀಸಿನ ಆಥೋಸ್ ಬೆಟ್ಟದ ಆರ್ಥೊಡಾಕ್ಸ್ ಸಂನ್ಯಾಸಿ ಸಿಲುವಾನ್ ಹೇಳಿದ್ದನ್ನು ಇಡಬೇಕು. ಅವರು ತೀರಿಕೊಂಡದ್ದು 1938ರಲ್ಲಿ. ನಾಸ್ತಿಕರೆಲ್ಲ ನಿತ್ಯಾಗ್ನಿಯಲ್ಲಿ ಬೇಯುತ್ತಾರೆ ಎಂದು ಒಬ್ಬ ತಪಸ್ವಿ ತೃಪ್ತಿಯಿಂದ ಹೇಳಿದನಂತೆ. ನೀನು ಸ್ವರ್ಗದಲ್ಲಿ ಕೂತು ಕೆಳಗೆ ಯಾರೋ ಬೇಯುವುದನ್ನು ಕಂಡರೆ ನಿನಗೆ ಸುಖವಿರುತ್ತದೆಯೇ ಎಂದರು ಸಿಲುವಾನ್. ಏನು ಮಾಡುವುದು, ಅವರದೇ ತಪ್ಪು ಎಂದ ಅವನು. ಪ್ರೀತಿ ಅದನ್ನು ತಾಳಲಾರದು, ಎಲ್ಲರಿಗಾಗಿ ಪ್ರಾರ್ಥಿಸಬೇಕು ಎಂದರು ಸಿಲುವಾನ್, ದುಃಖದಿಂದ. ಎಲ್ಲರೂ ಉಳಿಯುತ್ತಾರೆ ಎಂದು ಅವರು ಸಾರಲಿಲ್ಲ ಎಂಬುದನ್ನು ಗಮನಿಸಬೇಕು. 2024ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ಟಿವಿ ಸಂದರ್ಶನದಲ್ಲಿ, ಇದು ಸಿದ್ಧಾಂತವಲ್ಲ, ನನ್ನ ಸ್ವಂತ ಅನಿಸಿಕೆ, ನರಕ ಖಾಲಿ ಇದೆ ಎಂದುಕೊಳ್ಳುವುದು ನನಗೆ ಇಷ್ಟ, ಹಾಗೆ ಆಶಿಸುತ್ತೇನೆ ಎಂದದ್ದೂ ಇದೇ ಬಗೆಯ ಮಾತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಂಗಪುರದ ಯುವಕರಿಗೆ ಎಲ್ಲ ಧರ್ಮಗಳೂ ದೇವರನ್ನು ಮುಟ್ಟುವ ದಾರಿಗಳು ಎಂದಾಗ ಸಂಪ್ರದಾಯಸ್ಥ ಕಥೋಲಿಕರು ಕೆರಳಿದರು. ಆಶಿಸುವುದು ಬೇರೆ, ಬೋಧಿಸುವುದು ಬೇರೆ ಎಂಬ ಗೆರೆ ಅಳಿಸಿತು ಎಂಬುದು ಅವರ ತಕರಾರು. 2025ರಲ್ಲಿ ಫ್ರಾನ್ಸಿಸ್ ತೀರಿಕೊಂಡರು, ತಕರಾರು ತೀರಿಲ್ಲ.

ಜಪಾನಿನ ಜನ ಕ್ಸೇವಿಯರರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. ದೇವರು ಅಷ್ಟು ಒಳ್ಳೆಯವನಾದರೆ ನಮ್ಮ ಹಿರಿಯರಿಗೆ ಏಕೆ ಮೊದಲೇ ತಿಳಿಸಲಿಲ್ಲ? ಇದಕ್ಕೆ ಕ್ಸೇವಿಯರ್ ಕೊಟ್ಟ ಸಮಾಧಾನ ಅದೇ ಪತ್ರದಲ್ಲಿದೆ. ಚೀನಾದಿಂದ ಯಾವ ಶಾಸ್ತ್ರ ಬರುವ ಮೊದಲೂ ಕೊಲ್ಲಬಾರದು, ಕದಿಯಬಾರದು ಎಂದು ನಿಮ್ಮ ಹಿರಿಯರಿಗೆ ಗೊತ್ತಿತ್ತು. ಮನುಷ್ಯರ ಮುಖವನ್ನೇ ಕಾಣದೆ ಬೆಟ್ಟದಲ್ಲಿ ಬೆಳೆದವನನ್ನು ಕೇಳಿದರೂ ಅವನಿಗೆ ಅದು ತಿಳಿದಿರುತ್ತದೆ, ಏಕೆಂದರೆ ದೇವರು ಅದನ್ನು ಎದೆಯಲ್ಲೇ ಬರೆದಿದ್ದಾನೆ. ದೇವರು ಅನ್ಯಾಯ ಮಾಡಿಲ್ಲ ಎಂದು ತೋರಿಸಲು, ಎಂದರೆ ಆ ಹಿರಿಯರ ದಂಡನೆಯನ್ನು ಸಮರ್ಥಿಸಲು, ಅವರು ಈ ಮಾತು ಹೇಳಿದ್ದು. 1964ರ ಮಹಾಸಭೆ ಹಿಡಿದದ್ದೂ ಇದೇ ಅಂತಃಸಾಕ್ಷಿಯನ್ನು, ಅದೇ ಹಿರಿಯರನ್ನು ಬಿಡಿಸಲು.